ಮನೆಯ ಒಂದೇ ಫೋನಿನಿಂದ ಲೈನ್ ಕರೆಯೂ ಇಂಟರ್‌ನೆಟ್ ಕರೆಯೂ ಹೋಗುವ ಬಗೆ

ತುಮಕೂರು, ತಿಪಟೂರು, ಶಿರಾ ಕಡೆಯ ಹಳೆಯ ಮನೆಗಳ ನಡುಮನೆಯಲ್ಲಿ ಲ್ಯಾಂಡ್‌ಲೈನ್ ಫೋನು ಇಂದಿಗೂ ಉಳಿದಿದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಆ ನಂಬರು ಬಹಳ ವರ್ಷಗಳಿಂದ ನೆಂಟರಿಷ್ಟರ, ಮಂಡಿಯವರ, ಬ್ಯಾಂಕಿನವರ ಪುಸ್ತಕಗಳಲ್ಲಿ ಬರೆದಿಟ್ಟಿರುವ ನಂಬರು. ಮತ್ತು ಮನೆಯ ಹಿರಿಯರಿಗೆ ರಿಸೀವರ್ ಎತ್ತಿ ಗುಂಡಿ ಒತ್ತುವಷ್ಟು ಸಲೀಸಾಗಿ ಮೊಬೈಲಿನಲ್ಲಿ ಮಾತನಾಡಲು ಬರುವುದಿಲ್ಲ. ಈಗ ಅಂಥ ಮನೆಗಳಿಗೂ ಫೈಬರ್ ಇಂಟರ್‌ನೆಟ್ ಬಂದಿದೆ, ಮಕ್ಕಳು ದೂರದ ಊರುಗಳಲ್ಲಿ ಅಥವಾ ಹೊರದೇಶಗಳಲ್ಲಿದ್ದಾರೆ, ಮತ್ತು ಹಳೆಯ ಫೋನನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿದೆ. ಅದನ್ನು ತೆಗೆದುಹಾಕುವ ಅಗತ್ಯ ಹೆಚ್ಚಿನ ಮನೆಗಳಲ್ಲಿ ಇಲ್ಲ. ಅದೇ ಫೋನಿನಿಂದ ತಾಮ್ರದ ತಂತಿಯ ಮೂಲಕ ಸಾಮಾನ್ಯ ಕರೆಯನ್ನೂ ಇಂಟರ್‌ನೆಟ್ಟಿನ ಮೂಲಕ ಕರೆಯನ್ನೂ ಮಾಡಬಹುದು. ಆದರೆ ಯಾವ ಕರೆ ಯಾವ ದಾರಿ ಹಿಡಿಯುತ್ತದೆ, ಕರೆಂಟು ಹೋದಾಗ ಏನಾಗುತ್ತದೆ, ಕಾನೂನು ಯಾವುದಕ್ಕೆ ಅವಕಾಶ ಕೊಡುತ್ತದೆ ಎಂಬುದನ್ನು ತಿಳಿದು ಜೋಡಿಸಿಕೊಂಡರೆ ಮಾತ್ರ ಅದು ನಂಬಿಕೊಳ್ಳಬಹುದಾದ ಫೋನಾಗಿ ಉಳಿಯುತ್ತದೆ.

ಫೋನಿಗೆ ಬೇಕಾದದ್ದು ಎರಡು ತಂತಿ ಮಾತ್ರ

ಗೋಡೆಯ ಮೇಲಿರುವ ಪುಟ್ಟ ಬಿಳಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಎರಡು ಸ್ಕ್ರೂಗಳಿಗೆ ಬಿಗಿದಿರುವ ಎರಡು ತಾಮ್ರದ ತಂತಿಗಳು ಕಾಣುತ್ತವೆ. ಹಳೆಯ ದೂರವಾಣಿಯ ಕೆಲಸವೆಲ್ಲ ಈ ಒಂದು ಜೋಡಿಯ ಮೇಲೆಯೇ ನಡೆಯುತ್ತದೆ. ಊರಿನ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜಿನಲ್ಲಿರುವ ದೊಡ್ಡ ಬ್ಯಾಟರಿಗಳು ಈ ತಂತಿಗಳ ನಡುವೆ ಸುಮಾರು 48 ವೋಲ್ಟಿನಷ್ಟು ಡಿ.ಸಿ. ವಿದ್ಯುತ್ತನ್ನು ಹಗಲಿರುಳೂ ಇಟ್ಟಿರುತ್ತವೆ. ರಿಸೀವರ್ ಕೆಳಗಿರುವಾಗ ವಿದ್ಯುತ್ತು ಹರಿಯುವುದಿಲ್ಲ. ಎತ್ತಿದೊಡನೆ ಅದರ ಅಡಿಯ ಸ್ವಿಚ್ಚು ಕೂಡಿಕೊಂಡು ಇಪ್ಪತ್ತು ಮೂವತ್ತು ಮಿಲಿಆಂಪಿಯರಿನಷ್ಟು ಸಣ್ಣ ಪ್ರವಾಹ ಹರಿಯತೊಡಗುತ್ತದೆ, ಅದನ್ನು ಕಂಡ ಎಕ್ಸ್‌ಚೇಂಜು ಡಯಲ್ ಟೋನ್ ಕಳಿಸುತ್ತದೆ. ಹೊರಗಿನಿಂದ ಕರೆ ಬಂದಾಗ ಇದೇ ತಂತಿಗಳ ಮೇಲೆ 70ರಿಂದ 90 ವೋಲ್ಟಿನ ಎ.ಸಿ. ವಿದ್ಯುತ್ತು ಬಿಟ್ಟುಬಿಟ್ಟು ಬರುತ್ತದೆ, ಗಂಟೆ ಬಾರಿಸುವುದು ಅದೇ. ಲೈನ್‌ಮನ್ ತಂತಿಯನ್ನು ಬರಿಗೈಯಲ್ಲಿ ಹಿಡಿದಿರುವಾಗ ಯಾರಾದರೂ ಕರೆ ಮಾಡಿದರೆ ಅವರ ಕೈ ಜುಮ್ಮೆನ್ನುವುದು ಇದರಿಂದ.

ಗುಂಡಿಗಳ ಕೆಲಸವೂ ಸರಳವೇ. ನಾವು 5 ಎಂಬ ಗುಂಡಿಯನ್ನು ಒತ್ತಿದಾಗ ಫೋನು 770 ಹರ್ಟ್ಸ್ ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಗುಂಡಿಗಳ ಪ್ರತಿ ಅಡ್ಡಸಾಲಿಗೆ ಒಂದು ಸ್ವರ, ಪ್ರತಿ ಉದ್ದಸಾಲಿಗೆ ಇನ್ನೊಂದು ಸ್ವರ. ಎರಡೂ ಸೇರಿದ ಕಡೆ ಒತ್ತಿದ ಅಂಕಿ ಸಿಗುತ್ತದೆ. ಬೆರಳಿಟ್ಟು ತಿರುಗಿಸುವ ಇನ್ನೂ ಹಳೆಯ ಫೋನುಗಳಲ್ಲಿ ಸ್ವರಗಳಿರುವುದಿಲ್ಲ. ಅವು ಸೆಕೆಂಡಿಗೆ ಹತ್ತರಂತೆ ಪ್ರವಾಹವನ್ನು ಕಡಿದು ಅಂಕಿಯನ್ನು ಎಣಿಸಿ ಹೇಳುತ್ತವೆ. ಫೋನನ್ನು ಇಂಟರ್‌ನೆಟ್ಟಿಗೆ ಸೇರಿಸುವ ಇವತ್ತಿನ ಡಬ್ಬಿಗಳಲ್ಲಿ ಹಲವಕ್ಕೆ ಸ್ವರದ ಭಾಷೆ ಮಾತ್ರ ತಿಳಿಯುವುದರಿಂದ, ಅಟ್ಟದಿಂದ ಇಳಿಸಿದ ತಿರುಗುವ ಡಯಲಿನ ಫೋನಿಗೆ ಕರೆ ಬಂದರೂ ಅದರಿಂದ ಕರೆ ಹೋಗದಿರಬಹುದು.

ಒಟ್ಟಿನಲ್ಲಿ ಫೋನಿಗೆ ಬೇಕಾದದ್ದು 48 ವೋಲ್ಟು, ಗಂಟೆಯ ವಿದ್ಯುತ್ತು, ಡಯಲ್ ಟೋನು, ಮತ್ತು ಸ್ವರಗಳನ್ನೂ ಮಾತನ್ನೂ ಆಲಿಸುವ ಒಂದು ಕೊನೆ. ಇವೆಲ್ಲ ಮೈಲಿ ದೂರದ ಎಕ್ಸ್‌ಚೇಂಜಿನಿಂದ ಬರುತ್ತಿವೆಯೋ ಮೇಜಿನ ಮೇಲಿರುವ ಅಂಗೈಯಗಲದ ಡಬ್ಬಿಯಿಂದ ಬರುತ್ತಿವೆಯೋ ಎಂಬುದು ಫೋನಿಗೆ ತಿಳಿಯುವುದೇ ಇಲ್ಲ, ಮತ್ತು ಹಳೆಯ ಫೋನಿನಿಂದ ಇಂಟರ್‌ನೆಟ್ ಕರೆ ಮಾಡಬಹುದೆನ್ನುವುದರ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಮಾತು ಅಂಕಿಗಳಾಗಿ ಹೋಗುವುದು

ಧ್ವನಿಯನ್ನು ಅಂಕಿಗಳಾಗಿ ಬದಲಿಸುವುದು ಇಂಟರ್‌ನೆಟ್ಟಿನಿಂದ ಶುರುವಾದ ವಿದ್ಯೆಯಲ್ಲ. ಸಾಮಾನ್ಯ ದೂರವಾಣಿಯು ಮನುಷ್ಯನ ಮಾತಿನಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಸಾಗಿಸುತ್ತದೆ. ಡಿಜಿಟಲ್ ಎಕ್ಸ್‌ಚೇಂಜುಗಳು ಈ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತವೆ. ಹಾಗಾಗಿ ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು ರೂಪಿಸಿದ 128 ಪೋರ್ಟಿನ ಡಿಜಿಟಲ್ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲೇ, 1986ರಲ್ಲಿ. ಅಂದರೆ ಕರ್ನಾಟಕದ ಸಣ್ಣ ಊರುಗಳ ಮಾತು ಅಂಕಿಗಳಾಗಿ ಓಡಾಡತೊಡಗಿ ನಾಲ್ಕು ದಶಕಗಳಾಗುತ್ತಾ ಬಂದಿವೆ. ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಕೊನೆಯ ತುಂಡು ತಂತಿಯಷ್ಟೇ ಹಳೆಯ ರೀತಿಯಲ್ಲಿ ಉಳಿದಿತ್ತು.

ವ್ಯತ್ಯಾಸವಿರುವುದು ಅಂಕಿಗಳನ್ನು ಸಾಗಿಸುವ ಕ್ರಮದಲ್ಲಿ. ಸಾಮಾನ್ಯ ಕರೆಯಲ್ಲಿ ಮಾತು ಮುಗಿಯುವವರೆಗೂ ಈ ತುದಿಯಿಂದ ಆ ತುದಿಯವರೆಗೆ ಒಂದು ದಾರಿಯನ್ನು ಆ ಇಬ್ಬರಿಗಾಗಿಯೇ ಮೀಸಲಿಡಲಾಗುತ್ತದೆ. ಅವರು ಸುಮ್ಮನಿದ್ದರೂ ಆ ದಾರಿ ಅವರದೇ. ಇಂಟರ್‌ನೆಟ್ಟಿನಲ್ಲಿ ಅಂಥ ಮೀಸಲಿಲ್ಲ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ 160 ಬೈಟ್ ಧ್ವನಿಗೆ 40 ಬೈಟ್ ವಿಳಾಸ ಇತ್ಯಾದಿಗಳನ್ನು ಸೇರಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಕಳಿಸಲಾಗುತ್ತದೆ. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ ಸೆಕೆಂಡಿಗೆ 80 ಕಿಲೋಬಿಟ್. 50 ಮೆಗಾಬಿಟ್ಟಿನ ಸಂಪರ್ಕವಿರುವ ಮನೆಯಲ್ಲಿ ಇದು ಆರುನೂರರಲ್ಲಿ ಒಂದು ಪಾಲೂ ಅಲ್ಲ. ಹೀಗಿರುವಾಗ ಇಂಟರ್‌ನೆಟ್ ಕರೆ ಕೆಟ್ಟು ಕೇಳಿಸುವುದಕ್ಕೆ ವೇಗ ಸಾಲದಿರುವುದು ಕಾರಣವಾಗಿರುವುದು ಬಹಳ ಅಪರೂಪ, ಆದರೂ ಹೆಚ್ಚಿನ ಜನ ಮೊದಲು ದೂರುವುದು ವೇಗವನ್ನೇ.

ತೊಂದರೆ ಇರುವುದು ಪ್ಯಾಕೆಟ್‌ಗಳು ಸಮನಾಗಿ ಬಂದು ತಲುಪದಿರುವುದರಲ್ಲಿ. ಕಳಿಸುವಾಗ 20 ಮಿಲಿಸೆಕೆಂಡಿಗೊಂದರಂತೆ ಹೊರಟವು ದಾರಿಯಲ್ಲಿ ಕಾಯಬೇಕಾಗಿ ಬಂದು ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಒಂದೂ ಬರುವುದಿಲ್ಲ. ಇದನ್ನು ಸರಿದೂಗಿಸಲು ಕೇಳುವ ತುದಿಯ ಡಬ್ಬಿಯು ಬಂದ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಬಳಿಕ ಒಂದೇ ಹದದಲ್ಲಿ ಬಿಡುತ್ತದೆ. ಕಾಲುವೆಯಲ್ಲಿ ನೀರು ಹೇಗೆ ಏರಿಳಿದು ಬಂದರೂ ಕೆರೆಯ ತೂಬಿನಿಂದ ಗದ್ದೆಗೆ ಹೋಗುವ ನೀರು ಸಮನಾಗಿರುವಂತೆ. ಕೂಡಿಡುವ ಹೊತ್ತು ಹೆಚ್ಚಾದಷ್ಟೂ ಮಾತು ನುಣುಪಾಗುತ್ತದೆ, ಆದರೆ ಅಷ್ಟೇ ತಡವೂ ಆಗುತ್ತದೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ಅಡ್ಡಿಯಾಗುವುದಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ; 20,000 ಕಿಲೋಮೀಟರ್ ಉದ್ದದ ಕೇಬಲ್ ದಾರಿಯಲ್ಲಿ ಅಮೆರಿಕಕ್ಕೆ ಹೋಗುವ ಮಾತಿಗೆ ದಾರಿಯಲ್ಲೇ 100 ಮಿಲಿಸೆಕೆಂಡು ಬೇಕು. ಕತ್ತರಿಸುವುದಕ್ಕೆ 20, ಕೂಡಿಡುವುದಕ್ಕೆ 40 ಸೇರಿಸಿದರೆ ಮಿತಿ ಆಗಲೇ ದಾಟಿತು. ಕ್ಯಾಲಿಫೋರ್ನಿಯಾದಲ್ಲಿರುವ ಮಗಳೊಡನೆ ಮಾತನಾಡುವಾಗ ಇಬ್ಬರೂ ಒಂದೇ ಸಲ ಮಾತು ಶುರುಮಾಡಿ ಇಬ್ಬರೂ ಒಂದೇ ಸಲ ನಿಲ್ಲಿಸುವುದು ಈ ಕಾರಣಕ್ಕೆ. ಅದಕ್ಕೆ ಮನೆಯ ಸಂಪರ್ಕವನ್ನು ದೂರಿ ಫಲವಿಲ್ಲ.

ಕರೆಯನ್ನು ಎಬ್ಬಿಸುವ ಮತ್ತು ಮುಗಿಸುವ ಕೆಲಸಕ್ಕೆ ಬೇರೆಯದೇ ಒಂದು ನಿಯಮಾವಳಿಯಿದೆ. ಎಸ್‌ಐಪಿ ಎಂದು ಕರೆಯುವ ಇದರ ಇಂದಿನ ರೂಪ 2002ರಲ್ಲಿ ಪ್ರಕಟವಾಯಿತು. ಮನೆಯ ಡಬ್ಬಿಯು ಕಂಪನಿಯ ಸರ್ವರಿಗೆ ಆಗಾಗ್ಗೆ ಸಂದೇಶ ಕಳಿಸಿ, ಈ ನಂಬರು ಸದ್ಯ ಈ ವಿಳಾಸದಲ್ಲಿದೆ ಎಂದು ಹೆಸರು ನೋಂದಾಯಿಸುತ್ತಿರುತ್ತದೆ. ಹೊರಗಿನಿಂದ ಕರೆ ಬಂದಾಗ ಸರ್ವರು ಆ ವಿಳಾಸಕ್ಕೆ ಆಹ್ವಾನ ಕಳಿಸುತ್ತದೆ, ಡಬ್ಬಿ ಫೋನಿಗೆ ಗಂಟೆಯ ವಿದ್ಯುತ್ತು ಕೊಡುತ್ತದೆ, ರಿಸೀವರ್ ಎತ್ತಿದೊಡನೆ ಒಪ್ಪಿಗೆಯ ಸಂದೇಶ ಹಿಂದಿರುಗುತ್ತದೆ. ಡಬ್ಬಿಯ ಮೇಲೆ ಫೋನಿನ ಗುರುತಿರುವ ಹಸಿರು ದೀಪ ಆರಿದ್ದರೆ ಬಹುಪಾಲು ಈ ನೋಂದಣಿ ತಪ್ಪಿಹೋಗಿದೆ ಎಂದೇ ಅರ್ಥ. ಆಗ ಮನೆಯಲ್ಲಿ ಇಂಟರ್‌ನೆಟ್ ಚೆನ್ನಾಗಿ ಓಡುತ್ತಿದ್ದರೂ ಫೋನು ಮಾತ್ರ ಸತ್ತಿರುತ್ತದೆ.

ಡಬ್ಬಿಯಲ್ಲಿ ಮೂರು ಬಗೆ

ಮೊದಲನೆಯದು ಫೈಬರ್ ಸಂಪರ್ಕದ ಜೊತೆಗೇ ಬರುವ ಡಬ್ಬಿ. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೊದಲಾದವರು ಮನೆಯ ಗೋಡೆಗೆ ತೂಗುಹಾಕುವ ಡಬ್ಬಿಯ ಹಿಂಬದಿಯಲ್ಲಿ ಇಂಟರ್‌ನೆಟ್ ತಂತಿಯ ಕಿಂಡಿಗಳ ಪಕ್ಕದಲ್ಲಿ, ಅವುಗಳಿಗಿಂತ ಕೊಂಚ ಕಿರಿದಾದ ಒಂದು ಕಿಂಡಿ ಇರುತ್ತದೆ. ಅದು ಫೋನಿನ ಕಿಂಡಿ. ಹಳೆಯ ಫೋನಿನ ಪಿನ್ನನ್ನು ಅಲ್ಲಿಗೆ ಚುಚ್ಚಿದರೆ ಸಾಕು, ಉಳಿದ ಜೋಡಣೆಯೆಲ್ಲ ಕಂಪನಿಯ ಕಡೆಯಿಂದ ಆಗಿರುತ್ತದೆ. ಇಲ್ಲಿ ಮಾತು ಇಂಟರ್‌ನೆಟ್ ಪ್ಯಾಕೆಟ್‌ಗಳಾಗಿಯೇ ಹೊರಟರೂ ಸಾಮಾನ್ಯವಾಗಿ ಕಂಪನಿಯ ಸ್ವಂತ ಜಾಲದೊಳಗೆ ಬೇರೆ ಓಣಿಯಲ್ಲಿ, ಮೊದಲ ಆದ್ಯತೆಯಲ್ಲಿ ಸಾಗುತ್ತದೆ. ಆದ್ದರಿಂದ ಮಕ್ಕಳು ಪಕ್ಕದ ಕೋಣೆಯಲ್ಲಿ ಸಿನಿಮಾ ನೋಡುತ್ತಿದ್ದರೂ ಕರೆ ಕೆಡುವುದಿಲ್ಲ. ಬೇಕಾದದ್ದು ಸಾಮಾನ್ಯ ಕರೆಯಷ್ಟೇ ಆಗಿದ್ದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ತಾಮ್ರದ ಲೈನಿನ ಹಳೆಯ ನಂಬರನ್ನೇ ಉಳಿಸಿಕೊಂಡು ಫೈಬರ್‌ಗೆ ಬದಲಾಯಿಸಿಕೊಡಲಾಗುವುದೇ ಎಂದು ಅರ್ಜಿ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ನಂಬರು ಒಮ್ಮೆ ಕೈತಪ್ಪಿದರೆ ಮರಳಿ ಪಡೆಯುವುದು ಕಷ್ಟ.

ಎರಡನೆಯದು ಅಡಾಪ್ಟರು. ಇದನ್ನು ಎಟಿಎ ಎಂದು ಅಂಗಡಿಯವರು ಕರೆಯುತ್ತಾರೆ. ಇದರ ಒಂದು ಕಡೆ ರೂಟರಿಗೆ ಹೋಗುವ ಇಂಟರ್‌ನೆಟ್ ತಂತಿ, ಇನ್ನೊಂದು ಕಡೆ ಫೋನು. ನಾವೇ ಆರಿಸಿಕೊಂಡ ಇಂಟರ್‌ನೆಟ್ ದೂರವಾಣಿ ಸೇವೆಯ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಇದರೊಳಗೆ ತುಂಬಬೇಕು. ಮೂರನೆಯದು ಇದೇ ಅಡಾಪ್ಟರಿನ ಅಣ್ಣ. ಇದರಲ್ಲಿ ಫೋನಿನ ಕಿಂಡಿಯ ಜೊತೆಗೆ ಲೈನಿನ ಕಿಂಡಿಯೂ ಇರುತ್ತದೆ. ಫೋನಿನ ಕಿಂಡಿಯನ್ನು ಎಫ್‌ಎಕ್ಸ್‌ಎಸ್ ಎಂದೂ ಲೈನಿನ ಕಿಂಡಿಯನ್ನು ಎಫ್‌ಎಕ್ಸ್‌ಒ ಎಂದೂ ಗುರುತಿಸಿರುತ್ತಾರೆ. ಫೋನಿನ ಕಿಂಡಿ 48 ವೋಲ್ಟನ್ನು ಕೊಡುತ್ತದೆ, ಲೈನಿನ ಕಿಂಡಿ ಅದನ್ನು ಪಡೆಯುತ್ತದೆ. ಇವನ್ನು ಅದಲುಬದಲು ಮಾಡಿ ಚುಚ್ಚಿದರೆ ಎರಡು ಕಡೆಯಿಂದಲೂ ವಿದ್ಯುತ್ತು ಬಂದು ಎದುರುಬದುರಾಗಿ ಡಬ್ಬಿ ಸುಟ್ಟುಹೋಗಬಹುದು. ಇದೇ ಕಾರಣಕ್ಕೆ, ಮನೆಯ ಗೋಡೆಯೊಳಗಿನ ಹಳೆಯ ಫೋನ್ ವೈರಿಂಗಿಗೆ ಹೊಸ ಡಬ್ಬಿಯ ಫೋನಿನ ಕಿಂಡಿಯನ್ನು ಸೇರಿಸಿ ಎಲ್ಲ ಕೋಣೆಗಳಲ್ಲೂ ಫೋನು ಬರುವಂತೆ ಮಾಡುವವರು, ಹೊರಗಿನ ಕಂಬದಿಂದ ಬರುವ ಜೋಡಿಯನ್ನು ಮೊದಲು ಆ ವೈರಿಂಗಿನಿಂದ ಬಿಚ್ಚಿರಲೇಬೇಕು.

ಲೈನಿನ ಕಿಂಡಿಯಿರುವ ಡಬ್ಬಿಯ ಕೆಲಸವನ್ನು ತಿಪಟೂರಿನ ಒಬ್ಬ ಕೊಬ್ಬರಿ ವರ್ತಕರ ಮನೆಯನ್ನು ಊಹಿಸಿಕೊಂಡು ನೋಡೋಣ. ಮನೆಯಲ್ಲಿ ತಾಮ್ರದ ಲೈನಿದೆ, ಫೈಬರ್ ಇಂಟರ್‌ನೆಟ್ಟೂ ಇದೆ, ಮಗ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾನೆ. ಮಗನ ಮನೆಯಲ್ಲೂ ಒಂದು ಅಡಾಪ್ಟರಿಟ್ಟು, ಎರಡನ್ನೂ ಒಂದೇ ಇಂಟರ್‌ನೆಟ್ ಸೇವೆಗೆ ಸೇರಿಸಿ, ಇಲ್ಲಿಯ ಡಬ್ಬಿಯಲ್ಲಿ ಹೀಗೆ ನಿಯಮ ಬರೆಯಲಾಗಿದೆ: ನಕ್ಷತ್ರದ ಗುಂಡಿ ಒತ್ತಿ 21 ಎಂದರೆ ಇಂಟರ್‌ನೆಟ್ಟಿನ ಮೂಲಕ ಮಗನ ಮನೆ, ಬೇರೆ ಯಾವ ನಂಬರಾದರೂ ತಾಮ್ರದ ಲೈನು. ಯಜಮಾನರು ಮಂಡಿಗೆ ಫೋನು ಮಾಡುವಾಗ ಏನೂ ಬದಲಾಗಿಲ್ಲ. ಮಗನಿಗೆ ಮಾಡುವಾಗ ಮೂರು ಗುಂಡಿ ಒತ್ತುತ್ತಾರೆ, ಅಲ್ಲಿ ಮೇಜಿನ ಮೇಲಿನ ಫೋನು ಗಂಟೆ ಬಾರಿಸುತ್ತದೆ, ಎರಡೂ ತುದಿಯಲ್ಲಿ ಐಎಸ್‌ಡಿ ಶುಲ್ಕವಿಲ್ಲ. ಹೊರಗಿನಿಂದ ಲೈನಿಗೆ ಬಂದ ಕರೆಯೂ, ಸ್ಯಾನ್ ಹೋಸೆಯಿಂದ ಇಂಟರ್‌ನೆಟ್ಟಿನಲ್ಲಿ ಬಂದ ಕರೆಯೂ ಒಂದೇ ಫೋನಿನಲ್ಲಿ ಮೊಳಗುತ್ತವೆ. ಎರಡಕ್ಕೂ ಬೇರೆ ಬೇರೆ ಗಂಟೆಯ ಲಯ ಕೊಡುವ ಸೌಲಭ್ಯವೂ ಹಲವು ಡಬ್ಬಿಗಳಲ್ಲಿದೆ.

ಇಂಥ ಡಬ್ಬಿ ಕೊಳ್ಳುವಾಗ ಅದರ ಸೆಟ್ಟಿಂಗ್ ಪುಟದಲ್ಲಿ ದೇಶದ ಆಯ್ಕೆಯನ್ನು ಭಾರತಕ್ಕೆ ಬದಲಿಸುವುದನ್ನು ಮರೆಯಬಾರದು. ನಮ್ಮ ಲೈನುಗಳಲ್ಲಿ ಎಂಗೇಜ್ ಸ್ವರವೆಂದರೆ 400 ಹರ್ಟ್ಸ್‌ನ ಶಬ್ದ ಮುಕ್ಕಾಲು ಸೆಕೆಂಡು ಕೇಳಿ ಮುಕ್ಕಾಲು ಸೆಕೆಂಡು ನಿಲ್ಲುವುದು. ಅಮೆರಿಕದ ಲೆಕ್ಕಕ್ಕೆ ಹೊಂದಿಸಿದ ಡಬ್ಬಿ ಈ ಸ್ವರವನ್ನು ಗುರುತಿಸದೆ, ಆ ಕಡೆಯವರು ಫೋನಿಟ್ಟ ಮೇಲೂ ಲೈನನ್ನು ಹಿಡಿದುಕೊಂಡೇ ಇರಬಹುದು. ಆಗ ಊರವರೆಲ್ಲರಿಗೂ ಮನೆಯ ನಂಬರು ಗಂಟೆಗಟ್ಟಲೆ ಎಂಗೇಜ್ ಎಂದೇ ಕೇಳಿಸುತ್ತದೆ. ಕರೆ ಮಾಡಿದವರ ನಂಬರು ಫೋನಿನ ಪರದೆಯಲ್ಲಿ ಮೂಡದಿದ್ದರೂ ಇದೇ ಪುಟದ ಆಯ್ಕೆಗಳಲ್ಲಿ ಹುಡುಕಬೇಕು. ಎರಡು ತಂತಿಯ ಲೈನಿನಲ್ಲಿ ಹೋಗುವ ಮಾತು ಬರುವ ಮಾತು ಒಟ್ಟಿಗಿರುವುದರಿಂದ ಅವನ್ನು ಬೇರ್ಪಡಿಸುವಾಗ ಚೂರುಪಾರು ಸೋರಿ, ನಮ್ಮ ಮಾತೇ ನಮಗೆ ಪ್ರತಿಧ್ವನಿಯಾಗಿ ಕೇಳಿಸಬಹುದು. ದೇಶದ ಆಯ್ಕೆ ಸರಿಯಾಗಿದ್ದು, ಧ್ವನಿಯ ಮಟ್ಟವನ್ನು ಸ್ವಲ್ಪ ತಗ್ಗಿಸಿದರೆ ಅದು ಹೆಚ್ಚಾಗಿ ಹತೋಟಿಗೆ ಬರುತ್ತದೆ.

ನಂಬರು ಒತ್ತುವ ಕ್ರಮ

ತುಮಕೂರಿನ ಎಸ್‌ಟಿಡಿ ಕೋಡ್ 0816, ತಿಪಟೂರಿನದು 08134, ಕೋಲಾರದ್ದು 08152, ಚಿಕ್ಕಬಳ್ಳಾಪುರದ್ದು 08156. ಮೊದಲ ಸೊನ್ನೆಯನ್ನು ಬಿಟ್ಟರೆ ತುಮಕೂರಿನ ಕೋಡ್ ಮೂರಂಕಿ, ಅದರ ಮುಂದೆ ಏಳಂಕಿಯ ನಂಬರು. ಕೋಲಾರದ ಕೋಡ್ ನಾಲ್ಕಂಕಿ, ಅದರ ಮುಂದೆ ಆರಂಕಿಯ ನಂಬರು. ಎರಡೂ ಸೇರಿ ಹತ್ತೇ ಅಂಕಿ. ಹೊರದೇಶದಿಂದ ಕರೆಯುವವರು ಸೊನ್ನೆ ಬಿಟ್ಟು 91 ಸೇರಿಸಬೇಕು. ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡುವುದಿದ್ದರೂ ನಂಬರಿಗೆ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ.

ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜು ಒಂದೊಂದೇ ಅಂಕಿಯನ್ನು ಕೇಳಿಸಿಕೊಳ್ಳುತ್ತಾ, ನಂಬರು ಪೂರ್ತಿಯಾದದ್ದನ್ನು ತಾನೇ ತಿಳಿಯುತ್ತಿತ್ತು. ಇಂಟರ್‌ನೆಟ್ ಡಬ್ಬಿಯು ಎಲ್ಲ ಅಂಕಿಗಳನ್ನೂ ಕೂಡಿಸಿಕೊಂಡು ಒಂದೇ ಸಲಕ್ಕೆ ಕಳಿಸುವುದರಿಂದ, ಬಳಕೆದಾರ ಒತ್ತುವುದನ್ನು ಮುಗಿಸಿದನೇ ಇಲ್ಲವೇ ಎಂಬುದನ್ನು ಅದು ಊಹಿಸಬೇಕಾಗುತ್ತದೆ; ಹಾಗಾಗಿ ಕೊನೆಯ ಗುಂಡಿಯ ನಂತರ ಕೆಲವು ಸೆಕೆಂಡು ಸುಮ್ಮನೆ ಕಾಯುತ್ತದೆ. ಫೈಬರ್‌ಗೆ ಬದಲಾದ ಮನೆಗಳಲ್ಲಿ ಹಿರಿಯರು ಈ ಮೌನವನ್ನು ಕೇಳಿ ಫೋನು ಕೆಟ್ಟಿತೆಂದು ರಿಸೀವರ್ ಇಟ್ಟುಬಿಡುವುದುಂಟು. ನಂಬರಿನ ಕೊನೆಯಲ್ಲಿ ಹ್ಯಾಶ್ ಗುಂಡಿ ಒತ್ತಿದರೆ ಬಹುತೇಕ ಡಬ್ಬಿಗಳು ಕಾಯದೆ ಕರೆ ಕಳಿಸುತ್ತವೆ. ಹಿರಿಯರಿಗೆ ಹೇಳಿಕೊಡಬೇಕಾದ ಹೊಸ ಪಾಠ ಇದೊಂದೇ, ಇದನ್ನು ತಾಳ್ಮೆಯಿಂದ ಹೇಳಿಕೊಟ್ಟರೆ ಅವರ ಅಂಜಿಕೆ ಹೋಗುತ್ತದೆ. ಬ್ಯಾಂಕಿಗೋ ಗ್ಯಾಸ್ ಬುಕಿಂಗಿಗೋ ಕರೆ ಮಾಡಿದಾಗ ಕನ್ನಡಕ್ಕೆ ಇಂತಿಷ್ಟು ಒತ್ತಿ ಎಂದಾಗ ಒತ್ತಿದ ಗುಂಡಿ ಆ ಕಡೆ ತಲುಪದಿದ್ದರೆ, ಡಬ್ಬಿಯು ಗುಂಡಿಯ ಸ್ವರವನ್ನು ಮಾತಿನೊಳಗೇ ಬೆರೆಸಿ ಕಳಿಸುತ್ತಿದೆ ಎಂದರ್ಥ. ಅದನ್ನು ಬೇರೆ ಸಂದೇಶವಾಗಿ ಕಳಿಸುವ ಆಯ್ಕೆಯನ್ನು ಹಾಕಿಸಬೇಕು.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ವಾಟ್ಸ್‌ಆ್ಯಪ್‌ನಂಥ ಕರೆಯೂ ಇಂಟರ್‌ನೆಟ್ ಕರೆಯೇ, ಆದರೆ ಅದು ಆ ಆ್ಯಪ್ ಬಳಸುವವರ ನಡುವೆ ಮಾತ್ರ ಓಡಾಡುತ್ತದೆ. ಮನೆಯ ಫೋನಿನಿಂದ ಅದರೊಳಕ್ಕೆ ಹೋಗುವ ದಾರಿಯಿಲ್ಲ. ಮನೆಯ ಫೋನಿನ ಇಂಟರ್‌ನೆಟ್ ಕರೆ ಇನ್ನೊಂದು ಸಾಮಾನ್ಯ ಫೋನನ್ನು ತಲುಪಬೇಕಾದರೆ ಎರಡು ಜಾಲಗಳ ನಡುವೆ ಗೇಟ್‌ವೇ, ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲು, ಬೇಕು, ಮತ್ತು ಕಾನೂನು ಬರುವುದು ಈ ಗೇಟಿನ ಬಳಿಯಲ್ಲೇ.

ಕಾನೂನು ಎಳೆದಿರುವ ಗೆರೆ

ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ಸೀಮಿತ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ. ಇಂಟರ್‌ನೆಟ್ಟಿನ ಒಂದು ಸಾಧನದಿಂದ ಇನ್ನೊಂದು ಸಾಧನಕ್ಕೆ ಮಾತನಾಡಬಹುದಿತ್ತು, ಹೊರದೇಶದ ಸಾಮಾನ್ಯ ಫೋನಿಗೂ ಕರೆ ಮಾಡಬಹುದಿತ್ತು. ಆದರೆ ಭಾರತದೊಳಗಿನ ದೂರವಾಣಿ ಜಾಲಕ್ಕೆ ಆ ಕರೆಯನ್ನು ಸೇರಿಸುವಂತಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಅಕ್ಟೋಬರಿನಲ್ಲಿ ಕೊಟ್ಟ ಶಿಫಾರಸಿನ ಮೇಲೆ 2018ರಲ್ಲಿ ಪರವಾನಗಿಯ ಷರತ್ತುಗಳನ್ನು ಸಡಿಲಿಸಲಾಯಿತು. ಅದರಂತೆ ಪರವಾನಗಿಯುಳ್ಳ ದೂರವಾಣಿ ಕಂಪನಿಗಳು ಯಾರ ಇಂಟರ್‌ನೆಟ್ ಸಂಪರ್ಕದ ಮೇಲಾದರೂ ನಂಬರು ಕೊಟ್ಟು, ಸಾಮಾನ್ಯ ಫೋನುಗಳಿಗೆ ಕರೆ ಸೇರಿಸಬಹುದು. ಬಿಎಸ್‌ಎನ್‌ಎಲ್ ಅದೇ ವರ್ಷದ ಜುಲೈನಲ್ಲಿ ವಿಂಗ್ಸ್ ಎಂಬ ಹೆಸರಿನಲ್ಲಿ ಇಂಥ ಸೇವೆಯನ್ನು ಪ್ರಕಟಿಸಿತು.

ತಿಪಟೂರಿನ ಯಜಮಾನರ ಉದಾಹರಣೆಯಲ್ಲಿ ಕರೆ ಸಾಧನದಿಂದ ಸಾಧನಕ್ಕೆ ಹೋಗುವುದರಿಂದ ತೊಡಕಿಲ್ಲ. ಆದರೆ ಅದೇ ಡಬ್ಬಿಯಿಂದ ಇನ್ನೊಂದು ಕೆಲಸವನ್ನೂ ತಾಂತ್ರಿಕವಾಗಿ ಮಾಡಬಹುದು: ಮಗ ಸ್ಯಾನ್ ಹೋಸೆಯಿಂದ ಇಂಟರ್‌ನೆಟ್ಟಿನಲ್ಲಿ ಬಂದು, ತಿಪಟೂರಿನ ತಾಮ್ರದ ಲೈನನ್ನು ಹಿಡಿದು, ಅಲ್ಲಿಂದ ಬೆಂಗಳೂರಿನ ಗೆಳೆಯನಿಗೆ ಸ್ಥಳೀಯ ದರದಲ್ಲಿ ಮಾತನಾಡಬಹುದು. ಇದನ್ನು ಮಾಡಬಾರದು. ಪರವಾನಗಿಯಿಲ್ಲದೆ ಹೊರದೇಶದ ಕರೆಯನ್ನು ನಮ್ಮ ದೂರವಾಣಿ ಜಾಲಕ್ಕೆ ಇಳಿಸುವುದು ಅಪರಾಧ. ಬಾಡಿಗೆ ಮನೆಗಳಲ್ಲಿ ಸಿಮ್ ಬಾಕ್ಸ್ (ಹಲವು ಸಿಮ್‌ಗಳ ಮೂಲಕ ಇಂಟರ್‌ನೆಟ್ ಕರೆಯನ್ನು ಸಾಮಾನ್ಯ ಕರೆಯಾಗಿಸುವ ಯಂತ್ರ) ಇಟ್ಟು ಸಿಕ್ಕಿಬೀಳುವವರ ಸುದ್ದಿಯಲ್ಲಿ ಪತ್ರಿಕೆಗಳು ಹೇಳುವುದು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ್ದನ್ನು. ಡಬ್ಬಿ ಜೋಡಿಸಿಕೊಡುವವರು ಇದನ್ನು ಒಂದು ಸೌಲಭ್ಯವೆಂಬಂತೆ ಹೊಗಳಿ ಹೇಳಿದರೂ, ಆ ಆಯ್ಕೆಯನ್ನು ಮುಚ್ಚಿಸಿಬಿಡಬೇಕು. ಡಬ್ಬಿಯ ಮೂಲ ಪಾಸ್‌ವರ್ಡನ್ನು ಬದಲಿಸುವುದೂ ಅಷ್ಟೇ ಮುಖ್ಯ, ಏಕೆಂದರೆ ತೆರೆದಿಟ್ಟ ಡಬ್ಬಿಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅವುಗಳ ಲೈನಿನಿಂದ ದುಬಾರಿ ಕರೆ ಮಾಡಿ ಬಿಲ್ಲನ್ನು ಮನೆಯವರ ತಲೆಗೆ ಕಟ್ಟುವವರಿದ್ದಾರೆ.

ಮಾತು ಕೆಟ್ಟಾಗ ನೋಡಬೇಕಾದದ್ದು

ಅಡಾಪ್ಟರಿನ ಕರೆ ಕಂಪನಿಯ ಮೀಸಲು ಓಣಿಯಲ್ಲಿ ಹೋಗದೆ ಮನೆಯ ಉಳಿದ ಇಂಟರ್‌ನೆಟ್ಟಿನೊಡನೆ ದಾರಿ ಹಂಚಿಕೊಳ್ಳುವುದರಿಂದ, ಮನೆಯಿಂದ ಹೊರಗೆ ಹೋಗುವ ದಿಕ್ಕಿನ ಮೇಲೆ ಗಮನವಿರಬೇಕು. ಯಾರೋ ಮದುವೆಯ ವಿಡಿಯೊವನ್ನು ಮೇಲೇರಿಸುತ್ತಿದ್ದರೆ ಆ ದಿಕ್ಕು ತುಂಬಿ, ನಮ್ಮ ಮಾತು ಆ ಕಡೆಯವರಿಗೆ ತುಂಡುತುಂಡಾಗಿ ಕೇಳಿಸುತ್ತದೆ. ನಮಗೆ ಅವರ ಮಾತು ಸ್ಪಷ್ಟವಾಗಿಯೇ ಇರುವುದರಿಂದ ತೊಂದರೆ ನಮ್ಮಲ್ಲಿದೆ ಎಂದು ಹೊಳೆಯುವುದಿಲ್ಲ. ರೂಟರಿನಲ್ಲಿ ಧ್ವನಿಗೆ ಆದ್ಯತೆ ಕೊಡುವ ಆಯ್ಕೆಯಿದ್ದರೆ ಹಾಕಬೇಕು, ಅಡಾಪ್ಟರನ್ನು ತಂತಿಯಿಂದಲೇ ರೂಟರಿಗೆ ಸೇರಿಸಬೇಕು. ಗಂಟೆ ಮೊಳಗಿ, ಎತ್ತಿದರೆ ಒಂದು ಕಡೆಯ ಮಾತು ಮಾತ್ರ ಕೇಳಿಸುತ್ತಿದ್ದರೆ ಅದು ಲೈನಿನ ದೋಷವಲ್ಲ. ಕರೆಯ ಸಂದೇಶಗಳು ರೂಟರನ್ನು ದಾಟಿವೆ, ಧ್ವನಿಯ ಪ್ಯಾಕೆಟ್‌ಗಳು ದಾಟಿಲ್ಲ ಎಂಬುದರ ಗುರುತು. ರೂಟರಿನಲ್ಲಿರುವ, ಕರೆಯ ಸಂದೇಶಗಳನ್ನು ತಿದ್ದುವ ಎಸ್‌ಐಪಿ ಎಎಲ್‌ಜಿ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಇದು ಎಷ್ಟೋ ಸಲ ಸರಿಹೋಗುತ್ತದೆ. ಫ್ಯಾಕ್ಸ್ ಯಂತ್ರವನ್ನು ಇನ್ನೂ ಬಳಸುವ ಕಚೇರಿಗಳು ಅದನ್ನು ತಾಮ್ರದ ಲೈನಿನಲ್ಲೇ ಬಿಡುವುದು ಮೇಲು.

ಕರೆಂಟು, ಸಿಡಿಲು, ತುರ್ತು ಕರೆ

ತಾಮ್ರದ ಲೈನಿನ ದೊಡ್ಡ ಗುಣವೆಂದರೆ ಅದು ಎಕ್ಸ್‌ಚೇಂಜಿನ ಬ್ಯಾಟರಿಯ ಮೇಲೆ ನಡೆಯುವುದು. ಬೆಸ್ಕಾಂ ಕರೆಂಟು ಹೋಗಿ ಇಡೀ ಬೀದಿ ಕತ್ತಲಾದರೂ ತಂತಿಯ ಫೋನು ಮಾತನಾಡುತ್ತಿತ್ತು. ಫೈಬರ್ ಬೆಳಕನ್ನು ತರುತ್ತದೆಯೇ ಹೊರತು ವಿದ್ಯುತ್ತನ್ನು ತರುವುದಿಲ್ಲ. ಮನೆಯ ಡಬ್ಬಿಗೆ ಕರೆಂಟು ಇಲ್ಲದಿದ್ದರೆ ಫೋನೂ ಇಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಫೈಬರ್ ಡಬ್ಬಿ, ರೂಟರು, ಅಡಾಪ್ಟರು, ಕಾರ್ಡ್‌ಲೆಸ್ ಫೋನಿನ ಪೀಠ ಇವೆಲ್ಲವನ್ನೂ ಅದರ ಲೈನಿಗೇ ಹಾಕಿಸಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಉಳಿದವು ಉರಿದು ಪ್ರಯೋಜನವಿಲ್ಲ. ಇನ್ವರ್ಟರ್ ಇಲ್ಲದವರಿಗೆ ರೂಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್‌ಗಳಿವೆ. ಡಬ್ಬಿ 10 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ 30 ವ್ಯಾಟ್-ಅವರ್ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಮೂರು ಗಂಟೆ ನಡೆಯಬೇಕು, ನಷ್ಟ ಕಳೆದರೆ ಎರಡೂವರೆ ಗಂಟೆಯೆಂದು ನಂಬಬಹುದು. ಲೈನಿನ ಕಿಂಡಿಯಿರುವ ಅಡಾಪ್ಟರುಗಳಲ್ಲಿ ಹಲವು, ತಮಗೆ ಕರೆಂಟು ತಪ್ಪಿದೊಡನೆ ಒಳಗಿನ ರಿಲೇ ಎಂಬ ಸ್ವಿಚ್ಚು ಬಿಟ್ಟುಕೊಂಡು ಫೋನನ್ನು ನೇರವಾಗಿ ತಾಮ್ರದ ಲೈನಿಗೆ ಸೇರಿಸುತ್ತವೆ. ಕೊಳ್ಳುವಾಗ ಈ ಗುಣ ಇದೆಯೇ ಎಂದು ಕೇಳಿ, ಮನೆಗೆ ತಂದ ಮೇಲೆ ಪ್ಲಗ್ ಕಿತ್ತು ರಿಸೀವರ್ ಎತ್ತಿ ಡಯಲ್ ಟೋನ್ ಬರುವುದನ್ನು ಕೇಳಿಯೇ ನೋಡಬೇಕು.

ಬೇಸಿಗೆಯ ಕೊನೆಯ ಗುಡುಗು ಮಳೆಗಳಲ್ಲಿ ತಾಮ್ರದ ತಂತಿ ಸಿಡಿಲಿನ ವಿದ್ಯುತ್ತನ್ನು ಮನೆಯೊಳಕ್ಕೆ ತರಬಲ್ಲದು. ಮೊದಲು ಅದರಿಂದ ಹೋಗುತ್ತಿದ್ದದ್ದು ಫೋನೊಂದೇ. ಲೈನಿನ ಕಿಂಡಿಗೆ ತಾಮ್ರವನ್ನು ಚುಚ್ಚಿದ ಮೇಲೆ ಅಡಾಪ್ಟರಿನ ಮೂಲಕ ರೂಟರು, ಕಂಪ್ಯೂಟರುಗಳಿಗೂ ದಾರಿಯಾಯಿತು. ಏರಿಬರುವ ವಿದ್ಯುತ್ತನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಸರಿಯಾದ ಅರ್ತಿಂಗ್ ಕೊಡಿಸುವುದು ಅಗತ್ಯ, ಗುಡುಗು ಹತ್ತಿರವಾದಾಗ ಲೈನಿನ ಪಿನ್ನನ್ನು ಕಿತ್ತಿಡುವುದು ಇನ್ನೂ ಭದ್ರ.

ತುರ್ತು ನಂಬರುಗಳ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಕೂಡದು. ಹೊರದೇಶದ ಇಂಟರ್‌ನೆಟ್ ಸೇವೆಗೆ 112 ಎಂದು ಒತ್ತಿದರೆ ಅದು ತುಮಕೂರಿನ ಪೊಲೀಸರನ್ನು ತಲುಪುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಆದ್ದರಿಂದ ಎರಡು ದಾರಿಯ ಡಬ್ಬಿಯಲ್ಲಿ 112 ಮತ್ತು ಆಂಬುಲೆನ್ಸಿನ 108 ಯಾವಾಗಲೂ ತಾಮ್ರದ ಲೈನಿನಲ್ಲೇ ಹೋಗುವಂತೆ ನಿಯಮ ಬರೆದಿರಬೇಕು. ಇಂಟರ್‌ನೆಟ್ ಮಾತ್ರ ಇರುವ ಮನೆಯಲ್ಲಿ ತುರ್ತಿಗೆ ಚಾರ್ಜ್ ಆಗಿರುವ ಒಂದು ಮೊಬೈಲು ಮನೆಯ ಫೋನಿನ ಪಕ್ಕದಲ್ಲೇ ಇರಬೇಕು. ಲ್ಯಾಂಡ್‌ಲೈನ್ ನಂಬರಿಗೆ ಅಂಟಿಕೊಂಡಿರುವುದು ಕಂಪನಿಯ ದಾಖಲೆಯಲ್ಲಿರುವ ವಿಳಾಸ. ಮನೆ ಬದಲಿಸಿದವರು, ಅದರಲ್ಲೂ ಅಡಾಪ್ಟರನ್ನು ಜೊತೆಯಲ್ಲೇ ಒಯ್ದು ಹೊಸ ಮನೆಯ ಇಂಟರ್‌ನೆಟ್ಟಿಗೆ ಚುಚ್ಚಿಕೊಂಡವರು, ಹಳೆಯ ವಿಳಾಸವನ್ನು ಕೂಡಲೇ ಬದಲಿಸಿಕೊಳ್ಳಬೇಕು. ಮತ್ತು ಹೊಸ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದರೆ, ಗಾಬರಿಯ ಹೊತ್ತಿನಲ್ಲಿ ಮನೆಯಲ್ಲಿರುವ ಯಾರೇ ಆದರೂ ಅದನ್ನು ಓದಿ ಹೇಳಬಹುದು.